ಟೋನಿಯ ಪೂರ್ತಿ ಹೆಸರು

ಕೆನಡಿ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ರಮಾಮಣಿಯ ಚೀಲದಿಂದ ಕರಿಬೇವನ್ನು ಎಳೆದು ಬುಟ್ಟಿಗೆ ಹಾಕಿದ. ಮೈಸೂರಿಂದ ಜೋಪಾನವಾಗಿ ತಂದ ಕರಿಬೇವು, ಹೊಟ್ಟೆ ಉರಿಯಿತು. ಆದರೆ ಅವಳ ಜಡೆಯಲ್ಲಿದ್ದ ಕೆಂಪು ಕಾರ್ನೇಶನ್ ಅವನ ಕಣ್ಣಿಗೆ ಬೀಳಲಿಲ್ಲ. ಮುಡಿದ ಹೂವೂ ಗಿಡದ್ದೇ ಎಂದು ಆ ಮಹಾರಾಯನಿಗೆ ಹೊಳೆಯಬೇಕಲ್ಲ! ರಮಾಮಣಿ ಸೆರಗು ಸರಿಮಾಡಿಕೊಂಡು ಠೀವಿಯಿಂದ ಹೊರಗೆ ನಡೆದಳು.

ಹೂವು ಲಿಸ್ಬನ್ನಿನದು. ತಲುಪಬೇಕಾದದ್ದು ಟೋನಿಗೆ.

ಅವಳು ಕೆಲಸ ಮಾಡುವ ನ್ಯೂಆರ್ಕಿನ ಆಸ್ಪತ್ರೆಯಲ್ಲಿ ಟೋನಿ, ಅಂದರೆ ಅಂತೋನಿಯೋ, ಸ್ಟ್ರೆಚರ್ ತಳ್ಳುವವನು. ಪೋರ್ಚುಗಲ್ಲಿನ ಲಿಸ್ಬನ್ನಿನವನು. ತನ್ನ ದೇಶ ಆಫ್ರಿಕಾದಲ್ಲಿ ನಡೆಸುತ್ತಿದ್ದ ಯುದ್ಧಕ್ಕೆ ಹೋಗಲೊಲ್ಲದೆ ಎಂಟು ವರ್ಷದ ಹಿಂದೆ ಓಡಿಬಂದಿದ್ದ. ಊರಿಗೆ ಕಾಲಿಟ್ಟರೆ ಜೈಲು. ಅಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಅವಳ ನೆರೆಮನೆಗೆ ಫೋನು ಮಾಡುವಾಗಲೂ, ಅಲ್ಲಿನ ಗುಪ್ತ ಪೊಲೀಸರು ಕದ್ದು ಕೇಳುತ್ತಾರೆಂದು, ಆಪರೇಟರಿಗೆ ಸುಳ್ಳು ಹೆಸರು ಹೇಳುತ್ತಿದ್ದ.

1974ರ ಏಪ್ರಿಲ್ ಮೊದಲಲ್ಲಿ ರಮಾಮಣಿ ತಂಗಿಯ ಮದುವೆಗೆಂದು ಲಿಸ್ಬನ್ ಮೇಲೆ ಮೈಸೂರಿಗೆ ಹೊರಟಾಗ, "ನಮ್ಮ ಬೀದಿಯ ಅಂಗಡೀಲಿ ಒಂದು ಕಾಫಿ ಕುಡಿದು ಬನ್ನಿ. ನನ್ನ ಹೆಸರು ಮಾತ್ರ ಎತ್ತಬೇಡಿ," ಎಂದಿದ್ದ.

ರಮಾಮಣಿಯ ಬಾಯಿ ಸುಮ್ಮನಿದ್ದರೆ ತಾನೆ. "ನಿಮ್ಮ ಬೀದಿಯ ಅಂತೋನಿಯೋ ನನಗೆ ಗೊತ್ತು," ಎಂದುಬಿಟ್ಟಳು. ಅಂಗಡಿಯ ಮುದುಕ ಬಾಗಿಲತ್ತ ನೋಡಿದ, ಒರೆಸಿದ ಮೇಜನ್ನೇ ಮೂರು ಸಲ ಒರೆಸಿದ, ಒಳಗೆ ಹೋದವನು ಮತ್ತೆ ಬರಲಿಲ್ಲ. ಒಬ್ಬ ಮನುಷ್ಯನ ಹೆಸರಿಗೆ ಇಷ್ಟು ಹೆದರಿಕೆಯೇ ಎಂದು ಅವಳಿಗೆ ಅಳು ಬಂತು. ಮದುವೆಯೂಟ ಉಣ್ಣುವಾಗಲೂ ಅದೇ ಕೊರಗು.

ತಿಂಗಳ ಕೊನೆಯಲ್ಲಿ ಪೋರ್ಚುಗಲ್ಲಿನ ಸೈನಿಕರೇ ತಮ್ಮ ಸರ್ವಾಧಿಕಾರಿ ಸರ್ಕಾರವನ್ನು ಕೆಡವಿದರು. ವಾಪಸು ಬರುತ್ತ, ಮೇ ಆರಂಭದಲ್ಲಿ, ರಮಾಮಣಿ ಮತ್ತೆ ಅದೇ ಅಂಗಡಿಗೆ ಹೋದಳು. ಬೀದಿ ತುಂಬ ಜನ, ಬಂದೂಕಿನ ಬಾಯಲ್ಲೂ ಕೆಂಪು ಹೂವು. ಅಂದು ಪಿಸುಗುಟ್ಟುತ್ತಿದ್ದ ಗಿರಾಕಿಗಳೆಲ್ಲ ಈಗ ಗಂಟಲು ಹರಿಯುವಂತೆ ರಾಜಕೀಯದ ಜಗಳವಾಡುತ್ತಿದ್ದರು. ಮುದುಕ ಅವಳ ಸೀರೆಯ ಗುರುತು ಹಿಡಿದು, ಎದುರಿಗೆ ಕುರ್ಚಿ ಎಳೆದು ಕೂತ. ಇಡೀ ಅಂಗಡಿಗೆ ಕೇಳುವಂತೆ, "ಅಂತೋನಿಯೋ ಮಾನುಯೆಲ್ ಫೆರೈರಾ ಹೇಗಿದ್ದಾನೆ?" ಎಂದು ಕೇಳಿ ಅವಳ ಕೈಗೊಂದು ಹೂವು ಕೊಟ್ಟ. ಕೈಗೆ ಹೂವು ಬಂದರೆ ಇನ್ನೇನು ಮಾಡುವುದು, ಜಡೆಗೆ ಮುಡಿದಳು. ಅಂಗಡಿಯೇ ಚಪ್ಪಾಳೆ ತಟ್ಟಿತು.

ಏರ್‌ಪೋರ್ಟಿನಿಂದ ಅವಳು ನೇರ ಆಸ್ಪತ್ರೆಗೆ ಬಂದಾಗ ಟೋನಿ ಊಟದ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ಯುದ್ಧದಿಂದ ತಪ್ಪಿಸಿಕೊಂಡವರಿಗೆ ಪೋರ್ಚುಗಲ್ಲಿನ ಹೊಸ ಸರ್ಕಾರದ ಕ್ಷಮೆ ಎಂದು ಅಚ್ಚಾಗಿತ್ತು.

"ಇದು ಬಲೆ," ಎಂದ. "ಹೋದರೆ ಹಿಡೀತಾರೆ."

ರಮಾಮಣಿ ಕಂಡದ್ದನ್ನೆಲ್ಲ ಹೇಳಿದಳು. ಜನಕ್ಕೂ ಬಂದೂಕಿಗೂ ಹೂವಿಗೂ ಅವನು ಜಗ್ಗಲಿಲ್ಲ.

"ಮುದುಕ ನಿನ್ನ ಹೆಸರು ಕೂಗಿ ಹೇಳಿದ ಕಣೋ. ಪೂರ್ತಿ ಹೆಸರು."

ಟೋನಿ ತಲೆಯೆತ್ತಿದ. "ಬಾಗಿಲು ಹಾಕಿತ್ತಾ?"

"ತೆರೆದಿತ್ತು. ಬಾಗಿಲಲ್ಲೇ ಒಬ್ಬ ಸೈನಿಕ ನಿಂತು ಕಾಫಿ ಕುಡೀತಿದ್ದ. ತಿರುಗಿ ಕೂಡ ನೋಡಲಿಲ್ಲ."

ಟೋನಿಯ ಕಣ್ಣು ತುಂಬಿತು. ರಮಾಮಣಿ ಜಡೆಯಿಂದ ಬಾಡಿದ ಹೂವು ತೆಗೆದು, ಮುಡಿದದ್ದನ್ನು ಪರಗಂಡಸಿಗೆ ಕೊಡಬಹುದೇ ಎಂದು ಒಂದು ಗಳಿಗೆ ಅಳುಕಿ, ಕೊಟ್ಟೇಬಿಟ್ಟಳು. ಅದನ್ನು ಅಂಗಿಯ ಗುಂಡಿಗೆ ಸಿಕ್ಕಿಸಿಕೊಂಡು ಅವನು ಕಾರಿಡಾರಿನ ಫೋನಿನ ಹತ್ತಿರ ಹೋದ.

ಆಪರೇಟರು ಹೆಸರು ಕೇಳಿದಳು.

"ಅಂತೋನಿಯೋ ಮಾನುಯೆಲ್ ಫೆರೈರಾ."

ಅವಳಿಗೆ ಮೊದಲ ಸಲವೇ ಸರಿಯಾಗಿ ಕೇಳಿಸಿತ್ತು. ಆದರೂ ಟೋನಿ ಇನ್ನೊಮ್ಮೆ, ಕಾರಿಡಾರಿನ ಆ ತುದಿಗೂ ಮುಟ್ಟುವಂತೆ, ಕೂಗಿ ಹೇಳಿದ.