ಆರರ ಮೇಲೊಂದು

ಬಸ್ಸಿನ ಕಿಟಕಿಯಾಚೆ ಹುಣಸೆಮರಗಳು ಹಿಂದಕ್ಕೆ ಓಡುತ್ತಿವೆ, ಎರಡು, ನಾಲ್ಕು, ಎಂಟು — ಅಲ್ಲ, ಮರಗಳು ಇಮ್ಮಡಿಸುವುದಿಲ್ಲ, ಇಮ್ಮಡಿಸುವುದು ತಲೆಯೊಳಗಿನ ಸಂಖ್ಯೆ, ಎಂದು ಪುಟ್ಟಬಸಪ್ಪ ಮೇಷ್ಟರು ತಮ್ಮನ್ನು ತಾವೇ ತಿದ್ದಿಕೊಂಡರು. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು, ಅವಿಭಾಜ್ಯ, ತನಗೂ ಒಂದಕ್ಕೂ ಅಲ್ಲದೆ ಇನ್ನಾರಿಗೂ ಪಾಲಾಗದ್ದು, ಅಮೆರಿಕದಲ್ಲಿ ಯಾವುದೋ ಯಂತ್ರ ಇದಕ್ಕಿಂತ ಎಷ್ಟೋ ಉದ್ದದ್ದನ್ನು ಕಂಡುಹಿಡಿಯಿತಂತೆ, ಹಿಡಿಯಲಿ, ತಮಗೆ ಇದು ಸಾಕು, ಪ್ರತಿದಿನ ಮುಂಜಾನೆ ಹಾಸಿಗೆಯಲ್ಲೇ ಇದನ್ನು ಮೂರರಿಂದ, ಏಳರಿಂದ, ಹನ್ನೊಂದರಿಂದ ಭಾಗಿಸಬೇಕು, ಪ್ರತಿಸಲವೂ ಶೇಷ ಒಂದು ಉಳಿಯಬೇಕು, ಉಳಿದರೆ ಬುದ್ಧಿ ನೆಟ್ಟಗಿದೆಯೆಂದು ಅರ್ಥ, ಏಕೆಂದರೆ ಅಪ್ಪ ಚಿಕ್ಕಮಲ್ಲಪ್ಪನವರು ಇದೇ ವಯಸ್ಸಿಗೆ ಅನ್ನದ ತಣಿಗೆಯ ಮುಂದೆ ಕುಳಿತು, ಯಾರಮ್ಮಿ ನೀನು, ಯಾವೂರೋಳು, ಎಂದು ಅವ್ವನನ್ನೇ ಕೇಳಿದ್ದರು, ಅವ್ವ ನಗುತ್ತಾ, ನಿಮ್ಮನೆಯೋಳೇ ಕಣ ಬುಡಿ, ಮೊದ್ಲು ಉಣ್ಣಿ, ಎಂದು ಸಾರು ಬಡಿಸಿ, ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

ಇಂದು ಮಗಳ ಮನೆಗೆ ಹೊರಡುವ ಅವಸರದಲ್ಲಿ ಭಾಗಿಸುವುದು ತಪ್ಪಿತ್ತು, ಗುಂಡ್ಲುಪೇಟೆ ಬಿಟ್ಟ ಮೇಲೆ ಬಸ್ಸಿನಲ್ಲೇ ಮಾಡಿದರಾಯಿತೆಂದುಕೊಂಡರು, ಪಕ್ಕದಲ್ಲಿ ಹೆಂಡತಿ ತೂಕಡಿಸುತ್ತಿದ್ದಾಳೆ, ಮೂರರಿಂದ ಭಾಗಿಸಿದರು, ಶೇಷ ಸೊನ್ನೆ. ಇಲ್ಲ, ಬಸ್ಸಿನ ಕುಲುಕಾಟ, ಇನ್ನೊಮ್ಮೆ, ಏಳರಿಂದ, ಸೊನ್ನೆ, ಹನ್ನೊಂದರಿಂದಲೂ ಸೊನ್ನೆ, ಅಂಕಿಗಳನ್ನು ಕೂಡಿದರೆ ನಲವತ್ತಾರಾಗಬೇಕು, ನಲವತ್ತೈದೇ ಆಗುತ್ತಿದೆ, ಯಾರಿಗೂ ಪಾಲಾಗದ್ದು ಕಂಡಕಂಡವರಿಗೆಲ್ಲ ಪಾಲಾಗುತ್ತಿದೆ, ಎಲ್ಲಿ ಸೋರಿತು ಆ ಒಂದು, ಎಲ್ಲಿ — ಚಿಕ್ಕಂದಿನ ಕುದೇರಿನ ಕಣದಲ್ಲಿ ಅವ್ವ ದೊಡ್ಡಮಲ್ಲಮ್ಮ ರಾಗಿ ಅಳೆಯುತ್ತಿದ್ದಾಳೆ, ಲಾಭ, ಎರಡು, ಮೂರು, ನಾಕು, ಐದು, ಆರು, ಆರರ ಮ್ಯಾಲೊಂದು, ಎಂಟು. ಏಳು ಅನ್ಬಾರ್ದು ಕಣ್ಲಾ, ಏಳು ಅಂದ್ರೆ ರಾಶಿ ಬುಟ್ಟು ಲಕ್ಷ್ಮಿ ಎದ್ದೋಯ್ತಾಳೆ — ಹಾಗಾದರೆ ಸಂಖ್ಯೆಯ ಕೊನೆಯ ನಲವತ್ತೇಳನ್ನು ತಾವು ಈಗ ಎಣಿಸಿದ್ದು ಅವ್ವನ ಬಾಯಲ್ಲಿ, ನಲವತ್ತಾರರ ಮೇಲೊಂದು, ಆರು ನಿಂತಿತು, ಮೇಲಿನ ಒಂದು ಜಾರಿತು, ತಪ್ಪು ಸಿಕ್ಕಿತಲ್ಲ, ಹಗುರಾಗಬೇಕಿತ್ತು, ಆಗಲಿಲ್ಲ, ಗಣಿತ ಕಲಿಸುತ್ತಲೇ ತಲೆ ನರೆತವನ ಬಾಯಿಗೆ ಕಣದ ಎಣಿಕೆ ಬಂದದ್ದೇಕೆ, ಅಪ್ಪನಿಗೂ ಮೊದಮೊದಲು ಹೀಗೆಯೇ ಹಳೆಯ ಮಾತುಗಳು ಬಂದುವು, ಹೊಸವು ಹೋದುವು, ಆಮೇಲೆ ಮುಖಗಳು ಹೋದುವು, ಬೇಡ, ಸರಿಯಾದ ಅಂಕಿಯನ್ನು ಬಾಯಿಬಿಟ್ಟು ಹೇಳಿಬಿಡಬೇಕು, ಹೇಳಿದರೆ ಗಟ್ಟಿಯಾಗುತ್ತದೆ — ಏಳು, ಎಂದರು ಮೇಷ್ಟರು, ತರಗತಿಯಲ್ಲಿ ಹೇಳುವಷ್ಟು ಸ್ಪಷ್ಟವಾಗಿ.

ಹೆಂಡತಿ ಬೆಚ್ಚಿ ಎದ್ದು ನಿಂತಳು, ಸೆರಗು ಹೊದ್ದು ಗಂಟು ಎತ್ತಿಕೊಂಡಳು, ಬಂತಾ ಊರು. ಕಂಡಕ್ಟರು ನಕ್ಕ, ಕೂತ್ಕಳವ್ವೋ, ಇನ್ನೂ ತೆರಕಣಾಂಬಿನೇ ಬಂದಿಲ್ಲ, ಮೇಷ್ಟ್ರು ನಿನ್ನ ಯಾರ್ದೋ ಹೊಲದ ಮಧ್ಯಕ್ಕೇ ಇಳುಸ್ಬುಡ್ತಾರೆ. ಬಸ್ಸೆಲ್ಲ ನಗುತ್ತಿದೆ, ಅವಳೊಬ್ಬಳು ನಗುತ್ತಿಲ್ಲ, ಯಾಕ್ರೀ, ಏನಾಯ್ತು, ಯಾಕಂಗೆ ನೋಡ್ತಿದ್ದೀರಿ, ಎನ್ನುತ್ತಿದ್ದಾಳೆ, ಏನೂ ಇಲ್ಲ, ಕೂತುಕೋ, ಎಂದು ಹೆಸರು ಹಿಡಿದು ಕರೆಯಲು ಮೇಷ್ಟರು ಬಾಯಿ ತೆರೆದರು, ಹೆಸರು — ಮಗಳ ಹೆಸರು ಬಂತು, ಅವ್ವನ ಹೆಸರು ಬಂತು, ಇನ್ನೂರ ಹದಿನಾಲ್ಕು ಕೋಟಿ ಪೂರ್ತಿ ಬಂತು, ಕೊನೆಯ ಏಳರ ಸಹಿತ, ಆದರೆ ಇವಳ ಹೆಸರು — ಬಾಯಿ ತೆರೆದೇ ಇದೆ, ಕಣ್ಣು ಅವಳ ಮುಖದಿಂದ ಕೆಳಕ್ಕೆ ಇಳಿಯಿತು, ಸೀಟಿನ ತೊಗಲಿನಲ್ಲಿ ಅವಳು ಕೂತಿದ್ದ ಕಡೆ ದುಂಡನೆಯ ತಗ್ಗು, ಸೊನ್ನೆಯಷ್ಟೇ ದುಂಡು, ಬರಿದು, ದುಂಡು, ಬರಿದು