ಪಾಲಣ್ಣನ ಬೆರಳು ಮತ್ತು ಉಗುಳೋ ಮಿಷನ್ನು

ಈ ಕಥೆಯನ್ನು ಮಿಷನ್ನಿನಿಂದ ಶುರುಮಾಡಬೇಕೋ, ಬೆರಳಿನಿಂದಲೋ? ಬೆರಳಿನಿಂದ ಶುರುಮಾಡಿದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ, ಆದರೆ ಆಗಿದ್ದೇನೆಂದು ಅರ್ಥವಾಗುವುದಿಲ್ಲ. ಮಿಷನ್ನಿನಿಂದ ಶುರುಮಾಡಿದರೆ ಇದೇನು ಗ್ಯಾರೇಜಿನ ಉಸಾಬರಿ ಎಂದು ಪುಟ ತಿರುಗಿಸಿಬಿಡುತ್ತೀರಿ. ಈ ಯೋಚನೆಯಲ್ಲೇ ನನ್ನ ಕಾಫಿ ಆರಿಹೋಯಿತು. ಇರಲಿ, ಮಿಷನ್ನಿನಿಂದಲೇ. ಸ್ವಲ್ಪ ತಡೆದುಕೊಳ್ಳಿ.

೧

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ರಾಮಗಿರಿ ಸ್ಟೇಷನ್ನಿಗೆ ಹತ್ತಿರದಲ್ಲಿ, ಹಳ್ಳದ ಮೇಲೆ ರಸ್ತೆಯ ಕಬ್ಬಿಣದ ಸೇತುವೆ. (ಅಂಥ ಸೇತುವೆ ಅಲ್ಲಿಲ್ಲ ಎಂದು ಹೊಳಲ್ಕೆರೆಯವರು ಜಗಳಕ್ಕೆ ಬರಬೇಡಿ. ಕಥೆಗೆ ಬೇಕಿತ್ತು, ಕಟ್ಟಿಕೊಂಡೆ.) ಅದಕ್ಕೆ ಬಣ್ಣ ಹೊಡೆಯಲು ಗುತ್ತಿಗೆದಾರ ಬೊಂಬಾಯಿಯಿಂದ ಒಂದು ಮಿಷನ್ನು ತರಿಸಿದ್ದ. ಗಾಳಿಯ ಜೊತೆ ಬಣ್ಣ ಊದುವ ಗನ್ನನ್ನು ಲಾರಿಗೆ ಬಣ್ಣ ಹೊಡೆಯುವವರ ಹತ್ತಿರ ಎಲ್ಲರೂ ನೋಡಿದ್ದರು. ಇದಕ್ಕೆ ಗಾಳಿಯೇ ಬೇಡ. ಒಳಗಿನ ಪಂಪು ಬಣ್ಣವನ್ನೇ ಅಮುಕಿ, ಗನ್ನಿನ ಮೂತಿಯ ಸಾಸಿವೆಗಿಂತ ಸಣ್ಣ ತೂತಿನಿಂದ ಹೊರಕ್ಕೆ ನುಗ್ಗಿಸುತ್ತದೆ. ಆಳುಗಳು ಇದಕ್ಕೆ ಉಗುಳೋ ಮಿಷನ್ನು ಎಂದು ಹೆಸರಿಟ್ಟರು.

ಅದನ್ನು ನಡೆಸುವವನು ಪಾಲಣ್ಣ. ಮತ್ತೋಡು ಕಡೆಯ ಹಟ್ಟಿಯವನು, ಅಪ್ಪನ ಕಾಲದವರೆಗೂ ಕುರಿ ಕಾಯ್ದ ಮನೆತನ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬ್ರಷ್ ಹಿಡಿಯುವವರು ಬೇಕಾದಷ್ಟು ಜನ ಇದ್ದರು, ಮಿಷನ್ನಿನವನು ಅವನೊಬ್ಬನೇ. ಈ ವಿಷಯದಲ್ಲಿ ಅವನಿಗೆ ಬಹಳ ಜಂಬ. ಹೆಂಡತಿ ಚಿತ್ತಮ್ಮ ಅದೇ ಸೇತುವೆಯ ಕಂಬಗಳ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆಯುತ್ತಿದ್ದಳು.

೨

ಈಗ ತೊಳೆಯುವ ವಿಚಾರ. (ಆಕಳಿಸಬೇಡಿ, ಇದರಲ್ಲೇ ಎಲ್ಲ ಇದೆ.)

ಇದು ಎರಡು ಡಬ್ಬದ್ದನ್ನು ಬೆರೆಸಿ ಮಾಡುವ ಬಣ್ಣ. ಒಮ್ಮೆ ಬೆರೆಸಿದಿರೋ, ಇದ್ದಲ್ಲೇ ಕಲ್ಲಾಗುತ್ತಾ ಹೋಗುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಆದ್ದರಿಂದ ಕೆಲಸ ನಿಲ್ಲಿಸಿದ ಕೂಡಲೇ ಇಂಜಿನ್ ಆರಿಸಿ, ಪೈಪಿನಲ್ಲಿ ಉಳಿದ ಒತ್ತಡವನ್ನು ಬಿಡಬೇಕು. ಹೀರುವ ಕೊಳವೆಯನ್ನು ಬಣ್ಣದಿಂದ ಎತ್ತಿ ತಿನ್ನರ್ ಡಬ್ಬಕ್ಕೆ ಇಳಿಸಿ, ಗನ್ನಿನ ಬಾಯಲ್ಲಿ ಬರಿಯ ತಿನ್ನರ್ ಬರುವ ತನಕ ಪಂಪು ಓಡಿಸಬೇಕು. ಮೂತಿ ಬಿಚ್ಚಿ ನೆನೆಹಾಕಬೇಕು, ಜಾಲರಿ ತೊಳೆಯಬೇಕು, ಪಂಪಿನ ಕಡ್ಡಿಗೆ ಎಣ್ಣೆ ಬಿಡಬೇಕು. ಇಷ್ಟು ಮಾಡದಿದ್ದರೆ ಸಂಜೆಗೆ ಆ ಮಿಷನ್ನು ಗುಜರಿಗೆ.

"ಒಳಗೆ ಬಣ್ಣ ಗಟ್ಟಿ ಆತೋ, ನಿನ್ನ ಮತ್ತೆ ಹಗ್ಗಕ್ಕೆ ಜೋತು ಹಾಕ್ತೀನಿ ನೋಡಪ್ಪ" ಎಂದು ಮೇಸ್ತ್ರಿ ಪಂಚಾಕ್ಷರಪ್ಪ ಆಗಾಗ ಹೇಳುತ್ತಿದ್ದರು.

ಮಿಷನ್ನು ಕಲಿಸಲು ಬಂದಿದ್ದ ಬೊಂಬಾಯಿಯ ಫಿಟ್ಟರು, ಮೂತಿಯನ್ನು ಕೈಯಲ್ಲಿ ಮುಟ್ಟಲೇಬೇಡ ಎಂದು ತನ್ನ ಹಿಂದಿಯಲ್ಲಿ ಒತ್ತಿ ಹೇಳಿ ಹೋಗಿದ್ದ. ಯಾಕೆಂದು ಹೇಳಿರಲಿಲ್ಲ. ಕೈಕೊಳೆ ತಾಗಿ ಮೂತಿ ಹಾಳಾದೀತು ಎಂದೇ ಪಾಲಣ್ಣ ತಿಳಿದ. ಹಾಗಾಗಿ ಅದು ಕಟ್ಟಿಕೊಂಡಾಗಲೆಲ್ಲ ಸೋಪು ಹಾಕಿ ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ಆಮೇಲೆ ಮುಟ್ಟುತ್ತಿದ್ದ. ಅವರ ಹಟ್ಟಿಯಲ್ಲಿ ದೇವರ ಪೆಟ್ಟಿಗೆ ಮುಟ್ಟುವುದಕ್ಕೂ ಇದೇ ಕ್ರಮ.

೩

ಆವತ್ತು ಊಟದ ಹೊತ್ತಿಗೆ ಮೂತಿ ಕಟ್ಟಿಕೊಂಡಿತು. ಪಾಲಣ್ಣ ಇಂಜಿನ್ ಆರಿಸಿದ. ಪೈಪಿನ ಒತ್ತಡ ಬಿಡುವುದನ್ನು ಮರೆತ. ಕೈ ತೊಳೆಯುವುದನ್ನು ಮರೆಯಲಿಲ್ಲ. ಬಲಗೈಯ ತೋರುಬೆರಳನ್ನು ಮೂತಿಗೆ ಒತ್ತಿ ಉಜ್ಜಿದ. ಚುಸ್ ಅಂತು.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ರಕ್ತ ಚಿಮ್ಮಿಸಿದ್ದೆ, ಚಿತ್ತಮ್ಮ ಚೀರಿದ್ದಳು. ಹರಿದು ಹಾಕಿದೆ. ಹಾಗೆಲ್ಲ ಆಗುವುದೇ ಇಲ್ಲ.)

ಬೆರಳ ತುದಿಯಲ್ಲಿ ಒಂದು ಚುಕ್ಕೆ, ಅಷ್ಟೇ. ನೋವೂ ಇಲ್ಲ. ಆದರೆ ಬಣ್ಣ ಚರ್ಮ ಕೊರೆದುಕೊಂಡು ಒಳಗೆ ಹೋಗಿ ನರದ ಜಾಡು ಹಿಡಿದಿದೆ. ಡಾಕ್ಟರು ಬೇಗ ಕೊಯ್ದು ತೊಳೆದರೆ ಬೆರಳು ಉಳಿಯಬಹುದು. ತಡವಾದರೆ ಬೆರಳು ಹೋಗುತ್ತದೆ, ಕೈಯೂ ಹೋದೀತು. ಇದು ಆ ಸೇತುವೆಯ ಮೇಲೆ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು.

೫

(ನಾಲ್ಕರಲ್ಲಿ ಹಳ್ಳದ ವರ್ಣನೆ ಇತ್ತು. ಅದಕ್ಕೆಲ್ಲ ಈಗ ಪುರುಸೊತ್ತಿಲ್ಲ.)

"ಪಾಲಣ್ಣ, ಏಳು. ಮಧ್ಯಾಹ್ನದ ಪ್ಯಾಸೆಂಜರ್ ಹಿಡಿದು ದಾವಣಗೆರೆ ಆಸ್ಪತ್ರೆಗೆ ಹೋಗು" ಅಂದೆ.

"ಯಾರ್ರಿ ನೀವು?"

"ಈ ಕಥೆ ಬರೆಯುತ್ತಿರುವವನು."

"ಬರ್ಕಳ್ರಿ ಮತ್ತೆ, ಯಾರು ಬ್ಯಾಡ ಅಂದ್ರು? ನಂಗೆ ಮಿಷನ್ ತೊಳೆಯಾದೈತೆ."

"ಬೆರಳೊಳಗೆ ಬಣ್ಣ ಹೋಗಿದೆ ಮಾರಾಯ."

"ಇಂಥ ಜಾಲಿಮುಳ್ಳು ನಮ್ ಕಾಲಾಗೆ ಎಷ್ಟು ಮುರಿದವೋ. ಎಕ್ಕದ ಹಾಲು ಹಚ್ಚಿದ್ರೆ ಬೆಳಿಗ್ಗೆ ಹೊತ್ಗೆ ತಾನೇ ಈಚೆಗೆ ಬರ್ತೈತೆ."

"ಇದು ಮುಳ್ಳಲ್ಲ."

"ಅಲ್ರೀ, ನಾನು ಈಗ ಎದ್ದು ಹೋದ್ರೆ ಇದ್ರೊಳಗೆ ಬಣ್ಣ ಕಲ್ಲಾಗ್ತೈತೆ. ನಾಳೆ ಮೇಸ್ತ್ರಿ ಕೇಳಿದ್ರೆ ನೀವು ಬಂದು ಹೇಳ್ತೀರಾ?"

ಕಥೆಗಾರನ ಅಧಿಕಾರ ಚಲಾಯಿಸಿ ನೋವು ಕೊಟ್ಟೆ, ಆಗಲಾದರೂ ಎದ್ದಾನು ಎಂದು. ಬೆರಳು ಊದಿತು. ಅವನು ಟವೆಲ್ಲಿನ ಅಂಚು ಹರಿದು ಸುತ್ತಿಕೊಂಡು, ಹಲ್ಲು ಕಚ್ಚಿ ಎಡಗೈಯಲ್ಲಿ ತಿನ್ನರ್ ಡಬ್ಬ ಎಳೆದುಕೊಂಡ. ಇಂಥ ಮೊಂಡನನ್ನು ಯಾಕಾದರೂ ಕಲ್ಪಿಸಿಕೊಂಡೆನೋ!

ಪಂಚಾಕ್ಷರಪ್ಪನವರು ಬಂದರು. ಅವರನ್ನು ವಿಲನ್ ಮಾಡಿಬಿಡೋಣ ಅಂದುಕೊಂಡಿದ್ದೆ, ಕೆಲಸ ಸಲೀಸಾಗುತ್ತಿತ್ತು. ನೋಡಿದರೆ ಆ ಮನುಷ್ಯ ಒಂದು ಚೊಂಬು ಮಜ್ಜಿಗೆ ಹಿಡಿದುಕೊಂಡು ಬಂದಿದ್ದರು.

"ಏನಪ್ಪ ಪಾಲಣ್ಣ, ಬೆರಳಿಗೇನಾತು?"

"ಏನಿಲ್ಲ ಬಿಡ್ರಿ ಮೇಸ್ತ್ರಿ, ಮುಳ್ಳು ಚುಚ್ಚಿದಂಗಾತು."

"ಹಂಗಾರೆ ತೊಳ್ದು ಮುಗ್ಸು, ಬಿಸ್ಲು ಜಾಸ್ತಿ ಐತೆ" ಎಂದು ಮಜ್ಜಿಗೆ ಕೊಟ್ಟು ಹೋದರು. ನಿಜ ಹೇಳಿದ್ದರೆ ಅವರೇ ಸೈಕಲ್ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ಬಿಡುತ್ತಿದ್ದರು.

೬, ಮುಕ್ತಾಯಗಳು

ಒಂದು: ಪಾಲಣ್ಣ ಪೂರ್ತಿ ತೊಳೆದು, ಎಣ್ಣೆ ಬಿಟ್ಟು, ಎಕ್ಕದ ಹಾಲು ಹಚ್ಚಿಕೊಂಡು ಮಲಗುತ್ತಾನೆ. ಮಿಷನ್ನು ಉಳಿಯುತ್ತದೆ, ಬೆರಳು ಕಪ್ಪಾಗುತ್ತದೆ. ಗನ್ನಿನ ಕುದುರೆ ಎಳೆಯುವುದಕ್ಕೆ ಆ ಬೆರಳೇ ಬೇಕು. ಇದನ್ನು ನಾನು ಬರೆಯಲಾರೆ.

ಎರಡು: ರೈಲು ಹತ್ತುತ್ತಾನೆ. ಬೆರಳು ಉಳಿಯುತ್ತದೆ, ಮಿಷನ್ನು ಕಲ್ಲಾಗುತ್ತದೆ. ನನಗೇನೋ ಇದು ಪರವಾಗಿಲ್ಲ ಅನಿಸುತ್ತದೆ. ಅವನನ್ನು ಕೇಳಿದರೆ ಇದಕ್ಕಿಂತ ಒಂದನೆಯದೇ ವಾಸಿ ಅನ್ನುತ್ತಾನೆ.

ಮೂರು: ರೈಲಿನಿಂದ ಒಬ್ಬ ಸರ್ಜನ್ ರಾಮಗಿರಿಯಲ್ಲೇ ಇಳಿದು... ಥೂ, ನಾಚಿಕೆಯಾಗಬೇಕು ನನಗೆ. ಹೊಡೆದು ಹಾಕಿದ್ದೇನೆ.

೭

ಮೂರನೆಯದನ್ನು ಹೊಡೆದು ಹಾಕುವಷ್ಟರಲ್ಲಿ ಚಿತ್ತಮ್ಮ ತಂತಿ ಬ್ರಷ್ ಕೆಳಗಿಟ್ಟು ಮೇಲೆ ಬಂದಳು. ಟವೆಲ್ ಚೂರು ಬಿಚ್ಚಿ ಬೆರಳು ನೋಡಿದಳು.

"ಇದು ಮುಳ್ಳಲ್ಲ. ಮುಳ್ಳು ಚುಚ್ಚಿದ್ರೆ ಕೆಂಪಾಗಿ ಬಿಸಿ ಇರ್ತೈತೆ. ಇದು ಬಿಳಿಚ್ಕಂಡು ತಣ್ಣಗೈತೆ. ಏಳು, ರೈಲಿಗೆ ಹೋಗು."

"ಮಿಷನ್ನು?"

"ನಾ ತೊಳೀತೀನಿ. ದಿನಾ ನೋಡ್ತಾ ಇಲ್ವಾ?"

"ನಿಂಗೆ ಬರಲ್ಲ ಕಣೆ."

"ಬರ್ದಿದ್ರೆ ಹೇಳ್ಕೊಡು, ಜಲ್ದಿ."

ಪಾಲಣ್ಣ ಹೇಳಿಕೊಡಲು ಶುರುಮಾಡಿದ. ಮೊದಲು ಒತ್ತಡ ಬಿಡು, ಈ ಕೀಲು ತಿರುವು, ಇಷ್ಟೇ, ಜಾಸ್ತಿ ಬೇಡ. ಅವಳು ತಿರುವಿದಳು. ಉಳಿದ ಬಣ್ಣ ಬುಸುಗುಟ್ಟಿ ಡಬ್ಬಕ್ಕೆ ಬಿತ್ತು. ಹೊಸದುರ್ಗ ರೋಡ್ ಕಡೆಯಿಂದ ಪ್ಯಾಸೆಂಜರ್ ಸಿಳ್ಳೆ ಹಾಕಿತು. ಪಾಲಣ್ಣ ಕುಕ್ಕುರುಗಾಲಲ್ಲೇ ಕೂತಿದ್ದ, ತಿನ್ನರ್ ತಿಳಿಯಾಗುವುದನ್ನು ಕಣ್ಣಾರೆ ನೋಡಬೇಕಂತೆ.

ಅವನು ಏಳುವ ಹಾಗೆ ಒಂದು ಒಳ್ಳೆಯ ವಾಕ್ಯಕ್ಕೆ ನಾನು ಹುಡುಕುತ್ತಿದ್ದೆ. ಚಿತ್ತಮ್ಮ ತಟ್ಟನೆ ನನ್ನ ಕಡೆ ತಿರುಗಿದಳು.

"ಸ್ವಾಮಿ, ನೀವು ಇನ್ನೂ ಬರೀತಾನೇ ಅದೀರಾ?"

"ಮುಕ್ತಾಯ ಸಿಗುತ್ತಿಲ್ಲಮ್ಮ."

"ನಿಮ್ಮ ಮುಕ್ತಾಯಕ್ಕೆ ಬೆಂಕಿ ಹಾಕ. ಆಗ್ಲಿಂದ ನೋಡ್ತಾ ಅದೀನಿ. ಇವ್ರು ಏಳ್ಬೇಕು ಅನ್ನೋವಾಗೆಲ್ಲ ನೀವು ಇನ್ನೊಂದು ಮಾತು ಬರ್ದು ಕುಂಡ್ರುಸ್ತೀರಿ. ನೀವು ಬರ್ಯೋವಷ್ಟು ಹೊತ್ತೂ ಇವ್ರು ಇಲ್ಲೇ ಕುಂತಿರ್ತಾರೆ, ಒಳಗೆ ಬಣ್ಣ ಗಟ್ಟಿ ಆಗ್ತಾ ಇರ್ತೈತೆ. ಕೈ ಮುಗೀತೀನಿ, ಬಿಟ್ಬಿಡ್ರಿ."

ಹಿಂದಕ್ಕೆ ಓದಿ ನೋಡಿದೆ. ಅವಳು ಹೇಳಿದ್ದು ನಿಜ. ಅವನ ಬೆರಳಿಗೆ ಬಣ್ಣ ನುಗ್ಗಿದ ಮೇಲೆ ನಾನು ಡ್ರಾಫ್ಟು ಹರಿದದ್ದು, ಹಳ್ಳದ ವಿಷಯ ಹೇಳಿದ್ದು, ಮುಕ್ತಾಯಗಳನ್ನು ಅಂಗಡಿಯಂತೆ ಹರವಿದ್ದು, ಎಲ್ಲವೂ ಅವನ ಕೈಯ ಲೆಕ್ಕಕ್ಕೇ ಹೋಗಿದೆ. ನನಗೆ ಭಯವಾಯಿತು.

ಗಾಡಿ ಇನ್ನೂ ಸಿಗ್ನಲ್ ಹತ್ತಿರ ಇದೆ. ಅವನು ಹತ್ತಿದನೇ, ಬೆರಳು ಉಳಿಯಿತೇ, ಚಿತ್ತಮ್ಮ ಮಿಷನ್ನು ಸರಿಯಾಗಿ ತೊಳೆದಳೇ ಎಂದು ನಿಮಗೆಷ್ಟು ಆಸೆಯೋ ನನಗೂ ಅಷ್ಟೇ ಆಸೆ. ಆದರೆ ಅದನ್ನು ನೋಡಬೇಕೆಂದರೆ ಇನ್ನೊಂದು ಸಾಲು ಬರೆಯಬೇಕು, ಆ ಸಾಲು ಮುಗಿಯುವವರೆಗೆ ಅವನು ಕೂತಿರಬೇಕು.

ಬರೆಯುವುದಿಲ್ಲ. ಏಳಪ್ಪ ಪಾಲಣ್ಣ.