ಗುಂಡಿಯಿಲ್ಲದ ಮುಚ್ಚಳ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಕೆಲಸ ಮುಗಿಸುವುದರಲ್ಲಿ ಹೋಟೆಲಿನ ಶಂಭು ಶೆಟ್ಟರದು ಎತ್ತಿದ ಕೈ. ಆದರೆ 2008ರಲ್ಲಿ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಅವರು ಮುಂದೆ ನಿಂತು ಕಟ್ಟಿಸಿದ ಕಟ್ಟಡದ ಹಿಂದೆ ಹಾವು ಸತ್ತೇಹೋಯಿತು. ಮಳೆನೀರಿನ ಇಂಗುಗುಂಡಿ ತೋಡುತ್ತಿದ್ದ ಜೆಸಿಬಿಗೆ ಸಿಕ್ಕಿ ನಾಗರಹಾವೊಂದು ತುಂಡಾಗಿತ್ತು.

ಉಡುಪಿ ಕಡೆಯವರಿಗೆ ಇದಕ್ಕಿಂತ ದೊಡ್ಡ ಗಂಡಾಂತರವಿಲ್ಲ. ಶೆಟ್ಟರು ಅನ್ನ ನೀರು ಬಿಟ್ಟು ಊರಿಂದ ಭಟ್ಟರನ್ನು ಕರೆಸಿದರು. ಮನುಷ್ಯರಿಗೆ ಮಾಡುವಂತೆ ಹಾವಿಗೆ ಸಂಸ್ಕಾರವಾಯಿತು. ಗುಂಡಿ ಮುಚ್ಚಿಸಿ ಅದರ ಮೇಲೆ ನಾಗನ ಕಲ್ಲು ಪ್ರತಿಷ್ಠೆ ಮಾಡಿದ್ದಾಯಿತು. ಇನ್ನು ಅಲ್ಲಿ ಯಾರೂ ಗುದ್ದಲಿ ಹಾಕುವಂತಿಲ್ಲ.

ಪಾಲಿಕೆಯ ನಿಯಮಕ್ಕೆ ಮಾತ್ರ ನಾಗನ ಭಯವಿರಲಿಲ್ಲ. ಒಂದು ಜಾಗದಲ್ಲಿ ಬಿದ್ದ ಮಳೆನೀರು ಆ ಜಾಗದಲ್ಲೇ ಇಂಗಬೇಕು, ಪಕ್ಕದವರ ಮೇಲೆ ಹರಿಯಬಾರದು. ಗುಂಡಿಯಿಲ್ಲದೆ ವಾಸಕ್ಕೆ ಪರವಾನಗಿ ಇಲ್ಲ. ಬೇರೆ ಕಡೆ ತೋಡೋಣವೆಂದರೆ ಉಳಿದದ್ದೆಲ್ಲ ಪಾರ್ಕಿಂಗ್, ಕಾರಿನ ಜಾಗ ಬಿಟ್ಟುಕೊಡುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಕೊನೆಗೆ ಶೆಟ್ಟರು ಕಲ್ಲಿನ ಪಕ್ಕ ಬರೀ ನೆಲದ ಮೇಲೆ ಕಬ್ಬಿಣದ ಮುಚ್ಚಳವೊಂದನ್ನು ಸಿಮೆಂಟಿನಲ್ಲಿ ಕೂರಿಸಿದರು. ತಪಾಸಣೆಗೆ ಬಂದವರಿಗೆ, ಕೆಳಗೆ ಗುಂಡಿ ಇದೆ ಎಂದು ಕೈಮುಗಿದು ಹೇಳಿದರು. ದೇವರ ಕಲ್ಲಿನ ಎದುರು ಆಡಿದ ಮಾತೆಂದು ಬಂದವರು ನಂಬಿದರು.

ಅಂಗಳಕ್ಕೆಲ್ಲ ಟೈಲ್ಸ್ ಬಂತು. ಮಳೆನೀರು ಹಿಂದಿನ ಗೋಡೆಯ ಕಿಂಡಿಯಿಂದ ಆಚೆಯ ತಗ್ಗಿನಲ್ಲಿದ್ದ ಸಾಲುಮನೆಗಳ ಚಾಳಿಗೆ ಇಳಿಯತೊಡಗಿತು. ಶೆಟ್ಟರ ಹೋಟೆಲಿನ ಅಡುಗೆಯ ಗುರುವಪ್ಪ ಹೆಂಡತಿ ಬಾಗಿ, ಮಗಳು ಮಾನಸಿಯ ಜೊತೆ ಆ ಚಾಳಿನಲ್ಲಿದ್ದ. ಮೊದಲ ಮಳೆಗಾಲಗಳಲ್ಲಿ ಪಾದ ಮುಳುಗುವಷ್ಟು ನೀರು ಬಂತು. ಇಲ್ಲಿಯ ಮಳೆಯೇ ಹಾಗೆ ಎಂದು ಬಾಗಿ ಗುಡಿಸಿ ಹೊರಹಾಕಿದಳು. ಆಮೇಲೊಂದು ವರ್ಷ, ಆಷಾಢದ ಮಧ್ಯಾಹ್ನ, ಮೊಣಕಾಲುದ್ದ ನುಗ್ಗಿತು. ಗುರುವಪ್ಪ ಹೋಟೆಲಿನಲ್ಲಿದ್ದ, ಮಾನಸಿ ಶಾಲೆಯಲ್ಲಿದ್ದಳು. ನೀರಿನಲ್ಲಿ ನಿಂತು ಫ್ರಿಜ್ಜಿನ ಪ್ಲಗ್ ಕೀಳಲು ಹೋದ ಬಾಗಿ ಕರೆಂಟು ಹೊಡೆದು ಸತ್ತಳು.

ಆ ಮಧ್ಯಾಹ್ನ ಕಿಂಡಿಯಲ್ಲಿ ನೀರು ಭೋರ್ಗರೆಯುವುದನ್ನು ಶೆಟ್ಟರು ತಮ್ಮ ಬಾಲ್ಕನಿಯಿಂದ ಕಂಡಿದ್ದರು. ಬಾಗಿಯ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ತಾವೇ ನಿಂತು ಬಡಿಸಿದರು. ಸತ್ತ ಹಾವಿಗೆ ಹೆದರಿ ಬದುಕಿದ್ದ ಹೆಂಗಸನ್ನು ಕೊಂದೆನಲ್ಲ ಎಂದು ಒಳಗೊಳಗೇ ಬೆಂದುಹೋದರು.

ಮುಂದಿನ ಬೇಸಗೆಯಲ್ಲಿ ಗುಂಡಿ ತೋಡಿಸಲು ಮನಸ್ಸು ಗಟ್ಟಿಮಾಡಿದರು. ಕಾರಿನವರು ಆಗಲೂ ಒಪ್ಪಲಿಲ್ಲ. ಪ್ರಾರ್ಥನೆ ಸಲ್ಲಿಸಿ ಕಲ್ಲನ್ನು ಬೇರೆಡೆ ಇಡಬಹುದೆಂದು ಭಟ್ಟರು ಫೋನಿನಲ್ಲಿ ಹೇಳಿದ್ದರು. ಆಳುಗಳು ಗುದ್ದಲಿ ತಂದ ಬೆಳಿಗ್ಗೆ ಗುರುವಪ್ಪ ಮಗಳ ಕೈಹಿಡಿದು ಓಡಿಬಂದ. ಶೆಟ್ಟರು ಅವನೆದುರು ಎಲ್ಲವನ್ನೂ ಹೇಳಿಬಿಟ್ಟರು: ಗುಂಡಿ ಇಲ್ಲ, ಮುಚ್ಚಳ ಸುಳ್ಳು, ಬಾಗಿಯನ್ನು ಕೊಂದದ್ದು ಈ ಅಂಗಳದ ನೀರು. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತರು.

ಗುರುವಪ್ಪ ಕಲ್ಲಿನ ಮುಂದೆ ಕುಳಿತುಬಿಟ್ಟ.

"ನೀರಲ್ಲ ಶೆಟ್ರೆ. ಆವತ್ತು ನೀವಿರ್ಲಿಲ್ಲ, ಜೆಸಿಬಿಯವನಿಗೆ ಇಲ್ಲೇ ತೋಡು ಅಂತ ಜಾಗ ತೋರಿಸಿದ್ದು ನಾನು. ಅದಕ್ಕೇ ನಾಗ ನನ್ನ ಮನೆಯಿಂದ ಒಂದು ಜೀವ ತಕ್ಕೊಂಡದ್ದು. ಇನ್ನು ತೋಡುದು ಬೇಡ. ನನಗೆ ಇರುದು ಮಾನಸಿ ಒಬ್ಬಳೇ."

ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಮಾತಾಡುವ ಮಾನಸಿ, ತೋಡಲಿ ಬಿಡು ಪಪ್ಪಾ, ಮಳೆ ಬಂದರೆ ನನಗೆ ಹೆದರಿಕೆ ಎಂದು ಅತ್ತಳು. ಅವನು ಅವಳ ಬಾಯಿ ಮುಚ್ಚಿಸಿ, ತಪ್ಪಾಯಿತೆಂದು ಕಲ್ಲಿಗೆ ಅಡ್ಡಬೀಳಿಸಿದ. ಬೇರೆ ಮನೆ ಕೊಡಿಸುತ್ತೇನೆ ಎಂದು ಶೆಟ್ಟರು ಅಂಗಲಾಚಿದರು. ನಾಗನಿಗೆ ಬೆನ್ನುಹಾಕಿ ಓಡಿದರೆ ಇನ್ನೂ ದೋಷ ಎಂದ.

ಈ ಭಯವನ್ನು ಕಲ್ಲು ನೆಟ್ಟು ಗಟ್ಟಿಮಾಡಿದವರು ಶೆಟ್ಟರೇ. ಈಗ ಯಾವ ಬಾಯಿಂದ ಅದನ್ನು ಬಿಡು ಎನ್ನುವುದು? ಆಳುಗಳಿಗೆ ಚಹಾ ಕೊಟ್ಟು ಕಳಿಸಿದರು.

ಮಳೆ ಶುರುವಾಗುವ ಮುಂಚೆ ಗುರುವಪ್ಪ ತನ್ನ ಮನೆಯ ಹೊಸ್ತಿಲನ್ನು ಎರಡು ಇಟ್ಟಿಗೆಯಷ್ಟು ಎತ್ತರಿಸಿದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಸಿಮೆಂಟು ಕಲೆಸಿಕೊಟ್ಟವರು ಶಂಭು ಶೆಟ್ಟರು.